ಇಂಗ್ಲಿಷ್ ಬಂದರೆ ಸಾಲದು: ಇಥಿಯೋಪಿಯಾದ ಮೂರು ವರ್ಷಗಳು

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಉದ್ಯೋಗ ಪುರವಣಿಯಲ್ಲಿ, ಪದವಿ ಮುಗಿಸಿದ ಯುವಕ ಯುವತಿಯರು ಥಾಯ್ಲೆಂಡ್, ವಿಯೆಟ್ನಾಂ ಮುಂತಾದ ದೇಶಗಳಲ್ಲಿ ಇಂಗ್ಲಿಷ್ ಕಲಿಸುತ್ತ ಒಂದೆರಡು ವರ್ಷ ಕಳೆದು ಬರಬಹುದೆಂದು ಸೂಚಿಸುವ ಲೇಖನವನ್ನು ಓದಿದೆ. ಉಪಯುಕ್ತವಾದ ಲೇಖನವೇ ಸರಿ. ಆದರೆ ಅದರ ನಡುವೆ, ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಲು ಬಂದರೆ ಸಾಕು, ಉಳಿದದ್ದು ಅಲ್ಲಿ ಹೋದ ಮೇಲೆ ತಾನಾಗಿ ಬರುತ್ತದೆ ಎಂಬ ಅರ್ಥದ ಮಾತೊಂದು ಸೇರಿಕೊಂಡಿದೆ. ಐವತ್ತು ವರ್ಷಗಳಿಗೂ ಹಿಂದೆ ನಾನು ಹೊರಟದ್ದು ಇದೇ ಧೈರ್ಯದ ಮೇಲೆ. ಅದರ ದಂಡವನ್ನು ತೆತ್ತವರು ಬೆಂಚಿನ ಮೇಲೆ ಕುಳಿತಿದ್ದ ಮಕ್ಕಳಾದ್ದರಿಂದ, ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಋಣ ನನಗಿದೆ ಎಂದು ಭಾವಿಸಿದ್ದೇನೆ.

ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮೈಸೂರು ವಿಶ್ವವಿದ್ಯಾನಿಲಯದಿಂದ ಬಿ.ಎ., ಅದರ ಬೆನ್ನಿಗೇ ಬಿ.ಎಡ್. ಮಾಡಿಕೊಂಡವನು. ಇಥಿಯೋಪಿಯಾದ ಸರ್ಕಾರಿ ಶಾಲೆಗಳಿಗೆ ಭಾರತೀಯ ಶಿಕ್ಷಕರು ಬೇಕಾಗಿದ್ದಾರೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ, ಸಂದರ್ಶನವಾಯಿತು, 1972ರ ಸೆಪ್ಟೆಂಬರಿನಲ್ಲಿ ಅಡಿಸ್ ಅಬಾಬಾದಲ್ಲಿ ಇಳಿದೆ. ಈಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಆ ದೇಶದ ಮೂಲೆಮೂಲೆಯ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುತ್ತಿದ್ದವರಲ್ಲಿ ಬಹಳ ಮಂದಿ ಭಾರತೀಯರಾಗಿದ್ದರು, ಅವರಲ್ಲಿ ಮಲಯಾಳಿಗಳ ಸಂಖ್ಯೆ ದೊಡ್ಡದು. 1936ರಿಂದ 1941ರವರೆಗಿನ ಇಟಲಿಯ ಆಧಿಪತ್ಯದ ಅವಧಿಯಲ್ಲಿ ಓದುಬರಹ ಬಲ್ಲ ಒಂದು ತಲೆಮಾರನ್ನೇ ಹುಡುಕಿ ಕೊಂದಿದ್ದರಿಂದ, ಯುದ್ಧ ಮುಗಿದ ಮೇಲೆ ಶಾಲೆಗಳನ್ನು ಕಟ್ಟಲು ಹೊರಗಿನವರನ್ನು ಕರೆಸದೆ ಗತ್ಯಂತರವಿರಲಿಲ್ಲ. ನಮ್ಮೂರಿನ ಹೈಸ್ಕೂಲು ಮೇಷ್ಟರ ಸಂಬಳದ ಹಲವು ಪಟ್ಟು ಅಲ್ಲಿ ಸಿಗುತ್ತಿತ್ತು. ನಾನು ಹೋದದ್ದು ಅದಕ್ಕಾಗಿಯೇ. ಸೇವೆ ಗೀವೆ ಎಂಬ ಮಾತು ಆಗ ನನ್ನ ತಲೆಯಲ್ಲಿರಲಿಲ್ಲ.

ನನಗೆ ಸಿಕ್ಕಿದ್ದು ಗೊಜ್ಜಾಂ ಪ್ರಾಂತ್ಯದ ಒಂದು ಪಟ್ಟಣ. ಅಡಿಸ್ ಅಬಾಬಾದಿಂದ ಉತ್ತರಕ್ಕೆ ಹೊರಟ ಬಸ್ಸು, ನೀಲಿ ನೈಲ್ ನದಿ ಕೊರೆದ ಕಂದರದೊಳಕ್ಕೆ ಸಾವಿರ ಮೀಟರಿಗೂ ಹೆಚ್ಚು ಇಳಿದು, ಸೇತುವೆ ದಾಟಿ, ಮತ್ತೆ ಅಷ್ಟೇ ಎತ್ತರ ಹತ್ತಿ ಆಚೆಯ ಬಯಲಿಗೆ ಬಂದಾಗ, ರಸ್ತೆಯ ಎರಡೂ ಬದಿಗೆ ಹಳದಿ ಹೂವಿನ ಹೊಲಗಳು ಕಂಡವು. ನಾನು ಕಿಟಕಿಗೆ ಮುಖ ಒತ್ತಿ ನೋಡಿದೆ: ಹುಚ್ಚೆಳ್ಳು! ಅಲ್ಲಿ ಅದನ್ನು 'ನೂಗ್' ಎನ್ನುತ್ತಾರೆ; ಅದರ ತವರೇ ಇಥಿಯೋಪಿಯಾ ಎಂಬುದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ನಮ್ಮ ರಾಗಿಯನ್ನೂ 'ದಗುಸಾ' ಎಂಬ ಹೆಸರಿನಲ್ಲಿ ಅಲ್ಲಿಯ ರೈತರು ಬೆಳೆಯುತ್ತಿದ್ದರು. ರಾಗಿಯೂ ಹುಚ್ಚೆಳ್ಳೂ ಬೆಳೆಯುವ ನೆಲದಿಂದ ಹೊರಟು ಅವೇ ಬೆಳೆಯುವ ನೆಲಕ್ಕೆ ಬಂದಿದ್ದ ನನಗೆ, ಇದೇನೂ ಪರಊರಲ್ಲ ಎಂಬ ಹುಂಬತನ ಆ ಬಸ್ಸಿನಲ್ಲಿಯೇ ಹುಟ್ಟಿಬಿಟ್ಟಿತು.

ಅಲ್ಲಿಯ ವ್ಯವಸ್ಥೆಯಲ್ಲಿ ಆರನೆಯ ತರಗತಿಯವರೆಗೆ ಅಂಹಾರಿಕ್ ಭಾಷೆಯಲ್ಲಿ ಪಾಠ, ಏಳನೆಯ ತರಗತಿಗೆ ಕಾಲಿಟ್ಟೊಡನೆ ಎಲ್ಲವೂ ಇಂಗ್ಲಿಷಿನಲ್ಲಿ. ನನಗೆ ಕೊಟ್ಟದ್ದು ಏಳನೆಯ ಮತ್ತು ಒಂಬತ್ತನೆಯ ತರಗತಿಗಳು. ದೂರದ ಹಳ್ಳಿಗಳಿಂದ ಬಂದ ಹುಡುಗರು ನಾಲ್ಕೈದು ಜನ ಸೇರಿ ಒಂದು ಕೋಣೆ ಹಿಡಿದು, ಮನೆಯಿಂದ ತಂದ ಒಣಗಿಸಿದ ಇಂಜೆರಾ ರೊಟ್ಟಿಯನ್ನು ನೆನೆಸಿ ತಿನ್ನುತ್ತ ಓದುತ್ತಿದ್ದರು. ಇಂಗ್ಲಿಷ್ ತಪ್ಪಿದರೆ ಭೂಗೋಳ, ಗಣಿತ, ವಿಜ್ಞಾನ ಎಲ್ಲವೂ ತಪ್ಪಿದಂತೆಯೇ. ಅಂಥ ಮಕ್ಕಳ ಮುಂದೆ ಅವರ ಭಾಷೆಯ ಒಂದು ಪದವೂ ಗೊತ್ತಿಲ್ಲದ, ಇಪ್ಪತ್ತಮೂರು ವರ್ಷದ ನಾನು ಹೋಗಿ ನಿಂತೆ.

ಮೊದಲ ವಾರದಲ್ಲಿಯೇ ಆದದ್ದನ್ನು ಹೇಳುತ್ತೇನೆ. ಪಾಠ ಮುಗಿಸಿ ಅರ್ಥವಾಯಿತೇ ಎಂದು ಕೇಳಿದರೆ, ಮುಂದಿನ ಸಾಲಿನ ಹುಡುಗಿಯೊಬ್ಬಳು ಬೆಚ್ಚಿದವಳಂತೆ ಉಸಿರನ್ನು ಸರಕ್ಕನೆ ಒಳಕ್ಕೆಳೆದುಕೊಂಡಳು. ಹೆದರಿದ್ದಾಳೆ ಎಂದುಕೊಂಡು ಮತ್ತೆ ವಿವರಿಸಿದೆ. ಮತ್ತೆ ಅದೇ ಉಸಿರು. ಮೂರನೆಯ ಸಲ ವಿವರಿಸಿದೆ. ಈ ಸಲ ಹಿಂದಿನ ಸಾಲಿನವರೂ ಉಸಿರೆಳೆದುಕೊಂಡರು. ಸಂಜೆ ಶಾಲೆಯ ಅಮೆರಿಕದ ಶಿಕ್ಷಕನ ಬಳಿ ಇದನ್ನು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ಆ ಸೀಮೆಯಲ್ಲಿ ಹಾಗೆ ಉಸಿರೆಳೆದುಕೊಂಡರೆ 'ಹೌದು' ಎಂದರ್ಥವಂತೆ. ಮಕ್ಕಳು ಮೂರು ಸಲವೂ ಹೌದೆಂದಿದ್ದಾರೆ, ನಾನು ಬಿಟ್ಟಿಲ್ಲ.

ಈ ಅಮೆರಿಕದವನ ವಿಷಯವೂ ಇಲ್ಲಿ ಮುಖ್ಯ. ಅವನು, ಅಮೆರಿಕದ ಸರ್ಕಾರ ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಎಂಬ ಸಂಸ್ಥೆಯವನು. 1962ರಿಂದಲೂ ಅವರ ತಂಡಗಳು ಇಥಿಯೋಪಿಯಾದ ಶಾಲೆಗಳಿಗೆ ಬರುತ್ತಿದ್ದವು. ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ಚಿಕ್ಕವನು, ಬಿ.ಎಡ್. ಇಲ್ಲ, ಅವನು ಪಾಠ ಮಾಡುವ ಕ್ರಮವೂ ನನ್ನ ಕಣ್ಣಿಗೆ ಅಷ್ಟಕ್ಕಷ್ಟೆ. ಆದರೆ ಅವರ ಸಂಸ್ಥೆ ಕೆಲಸಕ್ಕೆ ಹಾಕುವ ಮೊದಲು ತಿಂಗಳುಗಟ್ಟಲೆ ಅಂಹಾರಿಕ್ ಕಲಿಸಿತ್ತು. ಸಂತೆಯಲ್ಲಿ ಮೊಟ್ಟೆ ಮಾರುವ ಮುದುಕಿಯೊಡನೆ ಅವನು ಚೌಕಾಸಿ ಮಾಡುತ್ತಿದ್ದರೆ, ಪಕ್ಕದಲ್ಲಿ ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ. ಹುಟ್ಟಿನಿಂದ ಇಂಗ್ಲಿಷನ್ನೇ ಮಾತನಾಡಿದವನಿಗೆ ಆ ಮಕ್ಕಳ ಭಾಷೆ ಬೇಕೆಂದು ಅವರ ದೇಶಕ್ಕೆ ತೋಚಿತ್ತು. ನನಗಾಗಲಿ, ನನ್ನನ್ನು ಆರಿಸಿದವರಿಗಾಗಲಿ ತೋಚಿರಲಿಲ್ಲ.

ನನ್ನ ಉಚ್ಚಾರಣೆಯ ಕಥೆಯನ್ನು ಮುಚ್ಚಿಟ್ಟರೆ ಪತ್ರ ಅಪ್ರಾಮಾಣಿಕವಾದೀತು. ಒಮ್ಮೆ ಉಕ್ತಲೇಖನ ಕೊಟ್ಟಾಗ, 'ಓನ್ಲಿ' ಎಂಬ ಪದವನ್ನು ತರಗತಿಯ ಅರ್ಧಕ್ಕರ್ಧ ಮಕ್ಕಳು 'ಡಬ್ಲ್ಯು' ಅಕ್ಷರದಿಂದ ಆರಂಭಿಸಿ ಬರೆದಿದ್ದರು. ಇದೆಂಥ ದಡ್ಡತನವೆಂದು ಕೆಂಪು ಶಾಯಿಯಲ್ಲಿ ಗೀಚುತ್ತ ಹೋದವನಿಗೆ, 'ಎಯ್ಟ್' ಎಂಬ ಪದ 'ವೈ' ಅಕ್ಷರದಿಂದ ಆರಂಭವಾಗಿದ್ದನ್ನು ಕಂಡಾಗ ಕೈ ನಿಂತಿತು. ಆ ಮಕ್ಕಳು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆದಿದ್ದರು. 'ವೋನ್ಲಿ', 'ಯೆಯ್ಟ್' ಎಂದದ್ದು ನಾನು. ಒಲೆಯನ್ನು 'ವೊಲೆ' ಎನ್ನುವ, ಎಮ್ಮೆಯನ್ನು 'ಯೆಮ್ಮೆ' ಎನ್ನುವ ನಾಲಿಗೆ ಪಾಸ್‌ಪೋರ್ಟ್ ಸಿಕ್ಕ ಮಾತ್ರಕ್ಕೆ ಬದಲಾಗುತ್ತದೆಯೇ? ಅಂದಿನ ಅಂಕಗಳನ್ನು ಪೂರ್ತಿ ಹಿಂದಕ್ಕೆ ಕೊಟ್ಟೆ. ಕಾರಣವನ್ನು ಮಾತ್ರ ಹೇಳಲಿಲ್ಲ, ಹೇಳುವ ಧೈರ್ಯವಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಗಡಿಯಾರದ ಪಾಠದಲ್ಲಾಯಿತು. ಬೆಳಿಗ್ಗೆ ಎಂಟಕ್ಕೆ ಮೊದಲ ಪಿರಿಯಡ್. ಈಗ ಗಂಟೆ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ಒಬ್ಬ ಹುಡುಗ ಎದ್ದು ನಿಂತು, ಒಳ್ಳೆಯ ವಾಕ್ಯದಲ್ಲಿಯೇ, ಎರಡು ಗಂಟೆ ಎಂದ. ತಪ್ಪು ಎಂದೆ. ಅವನು ಮೆಲ್ಲನೆ ಮುಂದೆ ಬಂದು, ಮಾವನಿಂದ ಎರವಲು ತಂದ ಕೈಗಡಿಯಾರವನ್ನು ನನ್ನ ಮೇಜಿನ ಮೇಲಿಟ್ಟ. ಅದರಲ್ಲಿ ನಿಜವಾಗಿಯೂ ಎರಡು ಗಂಟೆಯಾಗಿತ್ತು. ನಿನ್ನ ಗಡಿಯಾರ ಕೆಟ್ಟಿದೆ, ರಿಪೇರಿ ಮಾಡಿಸು ಎಂದು ಹೇಳಿ ಕೂರಿಸಿದೆ. ಇಥಿಯೋಪಿಯಾದಲ್ಲಿ ದಿನದ ಲೆಕ್ಕ ಬೆಳಗಿನ ಆರು ಗಂಟೆಗೆ ಆರಂಭವಾಗುತ್ತದೆ. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ವರ್ಷದ ಲೆಕ್ಕವೂ ಬೇರೆಯೇ. ನಾನು ಇಳಿದ ದಿನ ಕಚೇರಿಯ ಗೋಡೆಯ ಮೇಲೆ 1965 ಎಂದಿದ್ದ ಕ್ಯಾಲೆಂಡರ್ ನೋಡಿ, ಏಳು ವರ್ಷದಿಂದ ಯಾರೂ ಇದನ್ನು ಬದಲಿಸಿಲ್ಲವಲ್ಲ ಎಂದು ಅವರ ಸೋಮಾರಿತನಕ್ಕೆ ಮನಸ್ಸಿನಲ್ಲಿಯೇ ನಕ್ಕಿದ್ದೆ. ಅದು ಹದಿಮೂರು ತಿಂಗಳುಗಳ ಅವರ ಪಂಚಾಂಗದ ಅಚ್ಚ ಹೊಸ ವರ್ಷವಾಗಿತ್ತು. ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದ ಅಜ್ಜನ ತೊಡೆಯ ಮೇಲೆ ಬೆಳೆದ ನನಗೆ ಇದು ಹೊಳೆಯಬೇಕಾಗಿತ್ತು. ಆ ಹುಡುಗನ ಗಡಿಯಾರದಲ್ಲಿ ಏನೂ ಕೆಟ್ಟಿರಲಿಲ್ಲ ಎಂದು ತಿಳಿಯುವ ವೇಳೆಗೆ ಆ ತಿಂಗಳ ಪರೀಕ್ಷೆಯೂ ಮುಗಿದು, ಅವನಿಗೆ ಆ ಪ್ರಶ್ನೆಯಲ್ಲಿ ಸೊನ್ನೆ ಬಿದ್ದಾಗಿತ್ತು.

ಪ್ರಬಂಧ ಪಾಠದಲ್ಲಿ ನಾನು ಆರಿಸಿಕೊಂಡ ಮೊದಲ ವಿಷಯ, ನನ್ನ ಮೇಷ್ಟರು ನನಗೆ ಕಲಿಸಿದ್ದೇ: ಅಂಚೆಯವ. ಖಾಕಿ ಬಟ್ಟೆ, ಹೆಗಲಲ್ಲಿ ಚೀಲ, ಮನೆಮನೆಗೆ ಸುಖದುಃಖದ ಸುದ್ದಿ ತರುವವನು ಇತ್ಯಾದಿ. ಅರವತ್ತು ಮಕ್ಕಳೂ ಅದನ್ನು ಉರುಹೊಡೆದು, ಅಕ್ಷರ ತಪ್ಪದೆ ಒಪ್ಪಿಸಿದರು. ಆ ದೇಶದಲ್ಲಿ ಮನೆಗೆ ಕಾಗದ ಹಂಚುವ ಪದ್ಧತಿಯೇ ಇರಲಿಲ್ಲ. ಕಾಗದವೆಲ್ಲ ಅಂಚೆ ಪೆಟ್ಟಿಗೆಗೆ ಬರುತ್ತಿತ್ತು, ಬೇಕಾದವರು ಹೋಗಿ ಬೀಗ ತೆರೆದು ತಂದುಕೊಳ್ಳಬೇಕಿತ್ತು. ಅವರಲ್ಲಿ ಒಬ್ಬರೂ ಅಂಚೆಯವನನ್ನು ಕಂಡಿರಲಿಲ್ಲ. ನನ್ನ ಕಾಗದಗಳನ್ನು ನಾನೇ ವಾರಕ್ಕೊಮ್ಮೆ ಅಂಥ ಪೆಟ್ಟಿಗೆಯಿಂದ ತರುತ್ತಿದ್ದೆನಾದರೂ ಇದು ಹೊಳೆದಿರಲಿಲ್ಲವೆಂದರೆ ಕುರುಡುತನ ಯಾವ ಮಟ್ಟದ್ದಿರಬೇಕು ನೋಡಿ. 1973ರ ನವೆಂಬರಿನ ನಂತರ ಆ ಪೆಟ್ಟಿಗೆಗೆ ಬಂದ ತಂದೆಯವರ ಕಾಗದವೊಂದರ ಹಿಂಬದಿಯಲ್ಲಿ ಮೈಸೂರು ರಾಜ್ಯ ಎಂದಿರುತ್ತಿದ್ದ ಜಾಗದಲ್ಲಿ 'ಕರ್ನಾಟಕ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ತೋರಿಸಿ ಸಂಭ್ರಮಿಸೋಣವೆಂದರೆ ಅರ್ಥವಾಗುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಆ ಪಟ್ಟಣದಲ್ಲಿದ್ದ ಕನ್ನಡಿಗ ನಾನೊಬ್ಬನೇ.

ಹಾಗಾದರೆ ಮೂರು ವರ್ಷ ಬರೀ ಅನರ್ಥವನ್ನೇ ಮಾಡಿದೆನೇ ಎಂದರೆ, ಇಲ್ಲ. ಎರಡನೆಯ ವರ್ಷದ ಆರಂಭದಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಹೆಂಗಸಿನ ಮಗ, ಆರು ವರ್ಷದವನು, ಅಂಗಳದಲ್ಲಿ ಕುಳಿತು ದೊಡ್ಡ ದನಿಯಲ್ಲಿ ಪಾಠ ಒಪ್ಪಿಸುತ್ತಿದ್ದುದು ಕಿವಿಗೆ ಬಿತ್ತು: ಹ, ಹು, ಹಿ, ಹಾ, ಹೇ, ಹ್, ಹೋ, ಲ, ಲು, ಲಿ, ಲಾ, ಲೇ, ಲ್, ಲೋ. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದೆ. ಕಾಗುಣಿತ! ಅದರ ಹೆಸರು ಫಿದೆಲ್. ಮೂಲಾಕ್ಷರ 33, ಒಂದೊಂದಕ್ಕೆ ಸ್ವರ ಸೇರಿ ಏಳೇಳು ರೂಪ. ಇಂಗ್ಲಿಷಿನಂತೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಕ್ರಮವಲ್ಲ, ನಮ್ಮಂತೆಯೇ ವ್ಯಂಜನದ ಮೈಗೆ ಸ್ವರವನ್ನು ಅಂಟಿಸುವ ಕ್ರಮ. ಆ ಹುಡುಗನೇ ನನಗೆ ಗುರುವಾದ. ಮೂರು ವಾರದಲ್ಲಿ ಅಂಗಡಿಯ ಬೋರ್ಡುಗಳನ್ನು ತಡವರಿಸುತ್ತ ಓದತೊಡಗಿದೆ. ನನ್ನ ಬುದ್ಧಿಶಕ್ತಿಗಿಂತ ಒಂದನೆಯ ತರಗತಿಯಲ್ಲಿ ಮರಳಿನ ಮೇಲೆ ತಿದ್ದಿದ್ದ ಕ, ಕಾ, ಕಿ, ಕೀ ಇದಕ್ಕೆ ಹೆಚ್ಚು ಒದಗಿತು.

ಅಕ್ಷರದ ಹಿಂದೆ ವಾಕ್ಯ ಬಂತು. 'ಇನೆ ಬುನ್ನ ಇತೆತ್ತಾಲೆಹು' ಎಂದರೆ, ಪದಕ್ಕೆ ಪದವಿಟ್ಟು, ನಾನು ಕಾಫಿ ಕುಡಿಯುತ್ತೇನೆ. ಕ್ರಿಯಾಪದ ಕೊನೆಯಲ್ಲಿ, 'ಇನೆ' ಬಿಟ್ಟರೂ ನಡೆಯುತ್ತದೆ, ಏಕೆಂದರೆ ಕುಡಿಯುವವನು ಯಾರೆಂಬುದು ಕ್ರಿಯಾಪದದಲ್ಲಿಯೇ ಇದೆ. ಹುಟ್ಟಿನಿಂದ ಅದು ಅರಬ್ಬಿ, ಹೀಬ್ರೂಗಳ ಬಳಗಕ್ಕೆ ಸೇರಿದ ಭಾಷೆ. ಆದರೆ ವಾಕ್ಯದ ನಡಿಗೆ ನಮ್ಮದರಂತೆ. ಅಷ್ಟೇ ಅಲ್ಲ, ನಮ್ಮಲ್ಲಿ ಎದೆ 'ಧಸಕ್ ಎಂದಿತು', ಕಾಲು 'ಜುಮ್ ಎಂದಿತು' ಎನ್ನುವಂತೆ, ಅವರು 'ಸುಮ್ಮನಾದ' ಎಂಬುದನ್ನು 'ಝಿಮ್ ಎಂದ' ಎಂದು ಹೇಳುತ್ತಾರೆ. ನನ್ನ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಕ್ರಿಯಾಪದವನ್ನು ಕೊನೆಗೆ ತಳ್ಳುತ್ತಿದ್ದುದು, 'ಇಟ್' ಎಂಬ ಪದವನ್ನು ನುಂಗುತ್ತಿದ್ದುದು ಅಜಾಗರೂಕತೆಯಿಂದ ಎಂದು ಒಂದು ವರ್ಷ ಬೈದಿದ್ದೆ. ಹನ್ನೆರಡು ವರ್ಷ ಹಿಂದೆ ನನ್ನ ನೋಟ್‌ಬುಕ್ಕಿನಲ್ಲಿ ಇದ್ದ ತಪ್ಪುಗಳೂ ಅವೇ ಆಗಿದ್ದವು.

ಅಲ್ಲಿಂದ ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆಯುವ ಅಭ್ಯಾಸ ಮಾಡಿಕೊಂಡೆ: ಮೇಲೆ ಅವರ ಲಿಪಿಯಲ್ಲಿ ಅವರ ವಾಕ್ಯ, ಅದರ ಕೆಳಗೆ ಅದೇ ಕ್ರಮದಲ್ಲಿ ಇಂಗ್ಲಿಷ್ ಪದಗಳು, ಅದರ ಕೆಳಗೆ ಇಂಗ್ಲಿಷ್ ಕೇಳುವ ಕ್ರಮ, ಮತ್ತು ಯಾವ ಪದ ಎಲ್ಲಿಂದ ಎಲ್ಲಿಗೆ ಜಿಗಿಯಿತೆಂದು ತೋರಿಸುವ ಬಣ್ಣದ ಗೆರೆಗಳು. ಮೊದಲ ದಿನ ನನ್ನ ವಕ್ರ ಅಕ್ಷರಗಳನ್ನು ಕಂಡು ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನವನೊಬ್ಬ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡು ನನ್ನ 'ತೆ'ಯನ್ನು ತಿದ್ದಿದ. ಅಲ್ಲಿಯವರೆಗೆ ಅವನು ತರಗತಿಯಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. ಶಾಲೆಯ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಇಂಗ್ಲಿಷ್ ಮಾತ್ರ ಇರಬೇಕು, ಅದಕ್ಕೆಂದೇ ನಿಮ್ಮನ್ನು ದೂರದಿಂದ ಕರೆಸಿದ್ದು ಎಂದರು. ಬಾಗಿಲು ಮುಚ್ಚಿಕೊಂಡು ಮುಂದುವರಿಸಿದೆ. ಆ ವರ್ಷ ನನ್ನ ಏಳನೆಯ ತರಗತಿ ಹಿಂದಿನ ವರ್ಷದ್ದಕ್ಕಿಂತ ಚೆನ್ನಾಗಿ ಬರೆಯಿತು.

ಹೆಚ್ಚು ದಿನ ನಡೆಯಲಿಲ್ಲ. 1974ರ ಫೆಬ್ರವರಿಯಲ್ಲಿ ಪೆಟ್ರೋಲ್ ಬೆಲೆ ಏರಿ ಟ್ಯಾಕ್ಸಿಯವರೂ, ಹೊಸ ಶಿಕ್ಷಣ ಯೋಜನೆಯನ್ನು ವಿರೋಧಿಸಿ ಶಿಕ್ಷಕರೂ ಮುಷ್ಕರ ಹೂಡಿದರು. ವೊಲ್ಲೊ ಪ್ರಾಂತ್ಯದ ಭೀಕರ ಕ್ಷಾಮವನ್ನು ಅರಮನೆ ಮುಚ್ಚಿಟ್ಟ ಸಂಗತಿ ಎಲ್ಲರ ಬಾಯಲ್ಲಿತ್ತು. ಅವರ ಹೊಸ ವರ್ಷದ ಮರುದಿನ, ಸೆಪ್ಟೆಂಬರ್ 12ರಂದು, ಸೇನೆಯವರು ಚಕ್ರವರ್ತಿಯನ್ನು ಇಳಿಸಿ ಚಿಕ್ಕದೊಂದು ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಡಿಸೆಂಬರಿನಲ್ಲಿ ಮೇಲಿನ ತರಗತಿಗಳ ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಹಳ್ಳಿಗರಿಗೆ ಓದುಬರಹ ಕಲಿಸುವ ಅಭಿಯಾನದ ಹೆಸರಿನಲ್ಲಿ ಹಳ್ಳಿಗಳಿಗೆ ಕಳಿಸಲಾಯಿತು. 1975ರ ನಡುವಿನಲ್ಲಿ ನನ್ನ ಒಪ್ಪಂದ ಮುಗಿಯಿತು, ಹಿಂತಿರುಗಿದೆ. ಆ ಮಕ್ಕಳಲ್ಲಿ ಯಾರು ಮುಂದಿನ ವರ್ಷಗಳಲ್ಲಿ ಸೇನಾ ಆಡಳಿತ ನಡೆಸಿದ ರಕ್ತಪಾತವನ್ನು ದಾಟಿ ಉಳಿದರೆಂಬುದು ನನಗೆ ತಿಳಿಯಲೇ ಇಲ್ಲ.

ಈಗ ತಮ್ಮ ಲೇಖನಕ್ಕೆ ಬರುತ್ತೇನೆ. ದಕ್ಷಿಣ ಕೊರಿಯಾ ತನ್ನ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾದಲ್ಲಿ ಇಂಗ್ಲಿಷ್ ಕಲಿಸಲು ಇಂಗ್ಲೆಂಡ್, ಅಮೆರಿಕ, ಕೆನಡಾ ಮೊದಲಾದ ಏಳು ದೇಶಗಳ ಪ್ರಜೆಗಳಿಗೇ ಮುಖ್ಯವಾಗಿ ಅವಕಾಶವಿಟ್ಟಿದೆ; ಭಾರತದೊಡನೆ ಮಾಡಿಕೊಂಡ ವ್ಯಾಪಾರ ಒಪ್ಪಂದದಡಿ ಅರ್ಹ ಭಾರತೀಯ ಶಿಕ್ಷಕರಿಗೆ ಇರುವುದು ಸೀಮಿತ ವಿನಾಯಿತಿ. ಬೇರೆ ದೇಶಗಳಲ್ಲಿಯೂ ಇಂಗ್ಲಿಷ್ ತಾಯ್ನುಡಿಯವರೇ ಬೇಕೆಂಬ ಜಾಹೀರಾತುಗಳು ಸಾಮಾನ್ಯ. ಇದು ನಮ್ಮ ಯುವಜನರಿಗೆ ಅನ್ಯಾಯವೆಂದು ಲೇಖಕರು ಬರೆದಿರುವುದನ್ನು ಒಪ್ಪುತ್ತೇನೆ. ಆದರೆ ಇಂಗ್ಲಿಷ್ ಸರಾಗವಾಗಿ ಬಂದರೆ ಸಾಕು ಎನ್ನುವ ಅವರ ಸಲಹೆಯೂ ಅದೇ ತಪ್ಪಿನ ಇನ್ನೊಂದು ರೂಪ. ಎರಡರಲ್ಲಿಯೂ ಲೆಕ್ಕಕ್ಕೆ ಬರುವುದು ಕಲಿಸುವವನ ನಾಲಿಗೆ ಮಾತ್ರ. ಕಲಿಯುವವನ ನಾಲಿಗೆ ಯಾರ ಲೆಕ್ಕದಲ್ಲಿಯೂ ಇಲ್ಲ. ಕನ್ನಡದ ಮೂಲಕ, ಕಷ್ಟಪಟ್ಟು, ಎಡವಿ ಇಂಗ್ಲಿಷ್ ಕಲಿತವನಿಗೆ ಎಲ್ಲಿ ಎಡವುತ್ತಾರೆಂಬುದು ಗೊತ್ತಿರುತ್ತದೆ, ಅದೇ ಅವನ ದೊಡ್ಡ ಬಂಡವಾಳ. ಆದರೆ ಎದುರಿಗಿರುವ ಮಕ್ಕಳ ಮಾತಿನ ಪರಿಚಯವಾಗುವವರೆಗೆ ಆ ಬಂಡವಾಳ ಪೆಟ್ಟಿಗೆಯಲ್ಲಿಯೇ ಕೊಳೆಯುತ್ತದೆ.

ನಮ್ಮ ಬೀದಿಯ ಹುಡುಗನೊಬ್ಬ ಥಾಯ್ಲೆಂಡಿಗೆ ಹೊರಟಿದ್ದಾನೆ. ಥಾಯ್ ವರ್ಣಮಾಲೆ ನಮ್ಮ ಕವರ್ಗ, ಚವರ್ಗಗಳ ಕ್ರಮದಲ್ಲಿಯೇ ಸಾಗುತ್ತದೆ, ಆ ಭಾಷೆಯಲ್ಲಿ ಪದದ ಅರ್ಥವನ್ನೇ ಬದಲಿಸುವ ಐದು ಬಗೆಯ ದನಿಯ ಏರಿಳಿತಗಳಿವೆ, ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲವಾದ್ದರಿಂದ 'ನಿನ್ನೆ ಹೋಗುತ್ತೇನೆ' ಎಂಬಂತೆ ಇಂಗ್ಲಿಷ್ ಬರೆಯುವ ಮಗು ದಡ್ಡನಲ್ಲ, ಎಂದು ಅವನನ್ನು ಕೂರಿಸಿಕೊಂಡು ಹೇಳಿದೆ. ಕೇಳಿಸಿಕೊಂಡು, ಇದನ್ನು ಕಲಿತರೆ ಸರ್ಟಿಫಿಕೇಟ್ ಏನಾದರೂ ಸಿಗುತ್ತದೆಯೇ ಸಾರ್ ಎಂದ. ಅವನನ್ನು ದೂರುವುದಿಲ್ಲ, ಅವನ ವಯಸ್ಸಿನಲ್ಲಿ ನಾನು ಸಂಬಳ ಎಷ್ಟು ಎಂದು ಮಾತ್ರ ಕೇಳಿದ್ದೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಪುರವಣಿಯಲ್ಲಿ ಮುಂದೆ ಈ ವಿಷಯ ಬಂದಾಗ, ಯುವಕರನ್ನು ಕಳಿಸುವ ಏಜೆನ್ಸಿಗಳು ಹೊರಡುವ ಮೊದಲು ಆ ದೇಶದ ಭಾಷೆಯನ್ನು ಎಷ್ಟು ವಾರ ಕಲಿಸುತ್ತವೆ, ಕೆಲಸದ ಪರವಾನಗಿ ಕೊಡಿಸುತ್ತವೆಯೋ ಅಥವಾ ಪ್ರವಾಸಿ ವೀಸಾದ ಮೇಲೆ ಸಾಗಹಾಕುತ್ತವೆಯೋ ಎಂಬುದನ್ನು ವಿಚಾರಿಸಿ ಪ್ರಕಟಿಸಿ. 1963ರಿಂದ ದಕ್ಷಿಣ ಭಾರತದ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿರುವ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಹೊರದೇಶಕ್ಕೆ ಹೋಗುವವರಿಗೆಂದು ಒಂದು ಕಿರು ತರಬೇತಿಯನ್ನು ಆರಂಭಿಸುವುದು ಅಸಾಧ್ಯವೇನಲ್ಲ. ಅದರಲ್ಲಿ ಹೋಗುವ ನಾಡಿನ ಲಿಪಿ, ನೂರಿನ್ನೂರು ಪದ, ವಾಕ್ಯರಚನೆ, ಗಂಟೆ ಮತ್ತು ದಿನಾಂಕ ಹೇಳುವ ಕ್ರಮ ಇಷ್ಟಿದ್ದರೂ ನಡೆದೀತು. ಗಂಟೆ ಹೇಳುವ ಕ್ರಮವನ್ನಂತೂ ಬಿಡದಿರಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ,
ತುಮಕೂರು ಜಿಲ್ಲೆ